ಇಲ್ಲದ ದೇಶದ ತಿಂಡಿ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಸಿಂಗಾರಮ್ಮ ಅಂತಲೇ ಕರೆಯುತ್ತಿದ್ದರು. ಅವಳ ಮೈಮೇಲೆ ಸಿಂಗಾರ ಅನ್ನುವಂಥದ್ದೇನೂ ಇರಲಿಲ್ಲ. ಬಣ್ಣ ಮಾಸಿದ ಹತ್ತಿಬಟ್ಟೆ, ಹಿಂದಕ್ಕೆ ಬಿಗಿದು ಕಟ್ಟಿದ ನರೆಗೂದಲು, ಜೇಬಿನಲ್ಲಿ ಸದಾ ಒಂದು ಚಿಮುಟ. ಅವಳು ಸಿಂಗರಿಸುತ್ತಿದ್ದದ್ದು ತಿನಿಸನ್ನು. ಜಾಹೀರಾತಿಗೋ ಅಡುಗೆ ಪುಸ್ತಕಕ್ಕೋ ಫೋಟೋ ತೆಗೆಯುವ ಮುಂಚೆ ತಟ್ಟೆಯಲ್ಲಿರುವುದು ನೋಡಿದವರ ಬಾಯಲ್ಲಿ ನೀರೂರುವಂತೆ ಮಾಡುವುದು ಅವಳ ಕಸುಬು.

ನೀರೂರಿದರೂ ಬಾಯಿಗಿಡುವ ಹಾಗಿರಲಿಲ್ಲ, ಆ ಮಾತು ಬೇರೆ. ಬಟ್ಟಲಿನ ಹಾಲು ಅಂದರೆ ಬಿಳಿ ಅಂಟು, ಯಾಕೆಂದರೆ ನಿಜವಾದ ಹಾಲಿನಲ್ಲಿ ಜೋಳದ ಚಕ್ಕೆಗಳು ನೋಡನೋಡುತ್ತಿದ್ದಂತೆಯೇ ಮೆತ್ತಗಾಗಿ ಮುಳುಗಿಬಿಡುತ್ತವೆ. ಮೇಲಿಂದ ಸುರಿಯುವ ಜೇನು ಅಂದರೆ ಯಂತ್ರಕ್ಕೆ ಬಿಡುವ ಎಣ್ಣೆ. ಕಪ್ಪಿನಿಂದ ಹಬೆ ಏಳಬೇಕೆಂದರೆ ಅದರ ಬೆನ್ನಿಗೆ ಬಿಸಿನೀರಲ್ಲಿ ಅದ್ದಿದ ಹತ್ತಿಯುಂಡೆ ಬಚ್ಚಿಡಬೇಕು. ಹಣ್ಣಿನ ಮೇಲಿನ ಇಬ್ಬನಿ ಗ್ಲಿಸರಿನ್ನು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಗಾದೆ ಮಾಡಿದವರು ನಮ್ಮ ಸ್ಟುಡಿಯೋಗೆ ಬಂದು ಹೋಗಿರಬೇಕು" ಎಂದು ಅವಳೇ ನಗುತ್ತಿದ್ದಳು.

ಮನೆಯಲ್ಲಿ ಅವಳೂ ಅವಳ ಅಕ್ಕನೂ ಇಬ್ಬರೇ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆಗಲಿಲ್ಲವೆಂಬ ಕೊರಗೂ ಇರಲಿಲ್ಲ. ಬೆಳಗಿನ ತಿಂಡಿ ಅಕ್ಕನ ಪಾಲಿನ ಕೆಲಸ, ಪಾತ್ರೆ ತೊಳೆಯುವುದು ತಂಗಿಯದು. ಅಡುಗೆಮನೆಯ ಪುಟ್ಟ ಮೇಜಿನ ಆಚೆ ಈಚೆ ಕೂತು, ಪೇಪರನ್ನು ಹರಿದು ಹಂಚಿಕೊಂಡು, ಬ್ರೆಡ್ಡು ಸೀದಿದೆಯೋ ಇಲ್ಲವೋ ಎಂದು ಜಗಳವಾಡಿ, ಎದ್ದು ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ, ಅರವತ್ತರ ಹೊಸ್ತಿಲಲ್ಲಿ, ಅಕ್ಕ ಮದುವೆಯಾದಳು. ಕಣ್ಣಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತ ಕೂತಾಗ ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ವಿಧುರನ ಪರಿಚಯವಾಗಿತ್ತಂತೆ. ಇಬ್ಬರ ಕಣ್ಣಿಗೂ ಔಷಧಿ ಹಾಕಿದ್ದರಿಂದ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಂಡಿರಲಿಕ್ಕಿಲ್ಲ, ಅದಕ್ಕೇ ಒಪ್ಪಿಕೊಂಡಿರಿ ಎಂದು ತಂಗಿ ಚೇಷ್ಟೆ ಮಾಡಿದ್ದಳು. ಅಕ್ಕ ಮನಸಾರೆ ನಕ್ಕಿದ್ದಳು. ಆಮೇಲೆ ಪೆಟ್ಟಿಗೆ ಕಟ್ಟಿಕೊಂಡು ದೂರದ ಊರಿಗೆ, ಗಂಡನ ಮನೆಗೆ ಹೊರಟುಹೋದಳು.

ಸಿಟ್ಟು ಮಾಡಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ. ಭಾವ ಒಳ್ಳೆಯ ಮನುಷ್ಯ. ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಆಮೇಲಾಮೇಲೆ ನೆನಪಾದಾಗ. ಆದರೆ ಬೆಳಗಾಗುವುದನ್ನು ಯಾರು ತಡೆಯುತ್ತಾರೆ? ಸಿಂಗಾರಮ್ಮನಿಗೆ ದಿನದ ಉಳಿದ ಹೊತ್ತೆಲ್ಲ ಹೇಗೋ ಕಳೆದುಹೋಗುತ್ತಿತ್ತು. ಆ ಮೇಜಿನ ಮುಂದೆ ಕೂರುವ ಅರ್ಧ ಗಂಟೆ ಮಾತ್ರ ಕಳೆಯುತ್ತಿರಲಿಲ್ಲ. ಹಾಗಾಗಿ ಕೂರುವುದನ್ನೇ ಬಿಟ್ಟಳು. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು, ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದು, ಲೋಟ ಅಲ್ಲೇ ತೊಳೆದು ಬೋರಲು ಹಾಕಿ ಹೊರಟುಬಿಡುವಳು.

ಆ ದಿನಗಳಲ್ಲೇ ಸ್ಟುಡಿಯೋಗೆ ಒಂದು ದೊಡ್ಡ ಕೆಲಸ ಬಂತು. ದೇಶದೇಶಗಳ ಜನ ಬೆಳಿಗ್ಗೆ ಎದ್ದು ಇಷ್ಟಪಟ್ಟು ತಿನ್ನುವ ತಿಂಡಿಗಳ ಬಗ್ಗೆ ಒಂದು ದಪ್ಪ ಪುಸ್ತಕ. ಚಳಿದೇಶದವರ ಕಪ್ಪು ಬ್ರೆಡ್ಡು, ಉಪ್ಪುಮೀನು. ಮರಳುಸೀಮೆಯವರ ಬೆಂದ ಕಾಳು, ಬಿಸಿ ರೊಟ್ಟಿ. ಎಲ್ಲೋ ಬೆಟ್ಟದವರ ಬೆಣ್ಣೆ ಹಾಕಿದ ಚಹಾ. ದ್ವೀಪದವರ ಹುರಿದ ಬಾಳೆಕಾಯಿ. ಫೋಟೋಗ್ರಾಫರು ಹಳೆಯ ಕಾಲದ ಮನುಷ್ಯ, ಎಷ್ಟು ತೆಗೆದರೂ ಸಮಾಧಾನವಿಲ್ಲ. ಮೊದಲ ಕೆಲವು ಚಿತ್ರ ನೋಡಿ ತಲೆಯಾಡಿಸಿಬಿಟ್ಟರು.

"ಚೆನ್ನಾಗಿದೆ, ಆದರೆ ಹೆಣದ ಮುಂದೆ ಇಟ್ಟ ಎಡೆ ಇದ್ದ ಹಾಗಿದೆ ಸಿಂಗಾರಮ್ಮ. ಯಾರೋ ತಿಂತಾ ಇದ್ದರು, ಈಗ ತಾನೆ ಎದ್ದು ಬಾಗಿಲು ತೆಗೆಯೋಕೆ ಹೋದರು ಅನ್ನಿಸಬೇಕು. ಕಚ್ಚಿದ ಗುರುತು ಇರಲಿ."

ಚಾಕುವಿನಿಂದ ಎಷ್ಟು ನಾಜೂಕಾಗಿ ಕೊರೆದರೂ ಅದು ಕಚ್ಚಿದ ಹಾಗೆ ಕಾಣಲಿಲ್ಲ. ಕೊನೆಗೆ ಅವಳೇ ಕಚ್ಚಿದಳು. ಅಂಟು, ಎಣ್ಣೆ ಸವರುವುದಕ್ಕೆ ಮುಂಚೆ ಬಾಯಿ ಹಾಕುವುದು, ಆಮೇಲೆ ಮಿಕ್ಕ ಸಿಂಗಾರ. ಚಳಿದೇಶದವರ ಬ್ರೆಡ್ಡನ್ನು ಕಚ್ಚಿದವಳೂ ಅವಳೇ, ದ್ವೀಪದವರ ಬಾಳೆಕಾಯಿ ಕಚ್ಚಿದವಳೂ ಅವಳೇ. ಒಂದು ವಾರ ಹೀಗೆ ನಡೆಯಿತು. ಆಮೇಲೆ ಫೋಟೋಗ್ರಾಫರು ಎಲ್ಲ ಚಿತ್ರಗಳನ್ನೂ ಸಾಲಾಗಿ ಹರಡಿಕೊಂಡು ಕನ್ನಡಕ ಮೇಲೇರಿಸಿದರು.

"ಎಲ್ಲಾ ದೇಶದಲ್ಲೂ ಒಬ್ಬಳೇ ಹೆಂಗಸು ತಿಂದ ಹಾಗಿದೆಯಲ್ಲ. ಮೇಜಿಗೆ ಎರಡೆರಡು ತಟ್ಟೆ ಇಟ್ಟು, ಎರಡರಲ್ಲೂ ಅದೇ ಹಲ್ಲು. ನಾಳೆಯಿಂದ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಬಾಯಿ ದೊಡ್ಡದಿರಲಿ. ನನ್ನನ್ನ ಕೇಳಬೇಡಿ, ನನ್ನವು ಕಟ್ಟಿಸಿದ ಹಲ್ಲು."

ಅವರು ತಮಾಷೆಗೆ ಹೇಳಿದ್ದೇ. ಅವಳಿಗೆ ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ. ಕರೆದುಕೊಂಡು ಬಾ ಅಂದರೆ ಯಾರನ್ನು? ಒಂದು ತುತ್ತು ಕಚ್ಚಿಕೊಡಿ ಬನ್ನಿ ಎಂದು ಕೇಳಬಹುದಾದ ಒಂದು ಮುಖವೂ ನೆನಪಾಗಲಿಲ್ಲ. ಇಷ್ಟು ವರ್ಷ ಅಕ್ಕನೊಬ್ಬಳು ಇದ್ದಳೆಂದು ಮಿಕ್ಕವರನ್ನೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಟ್ಟಿದ್ದಳು.

ಅವಳಿದ್ದ ಕಟ್ಟಡದ ಲಿಫ್ಟು ಎಂದಿನಂತೆ ಕೆಟ್ಟು ನಿಂತಿತ್ತು. ನಾಲ್ಕನೆಯ ಮಹಡಿಯಲ್ಲಿ ಅದರ ಬಾಗಿಲು ತೆರೆದು, ಸ್ಟೂಲಿನ ಮೇಲೆ ಕೂತು, ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ರಿಪೇರಿ ಮಾಡುತ್ತಿದ್ದವನನ್ನು ಕಟ್ಟಡದವರೆಲ್ಲ ಲಿಫ್ಟಣ್ಣ ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ಅವನ ಮನೆ. ವಯಸ್ಸು ಐವತ್ತೈದರ ಆಸುಪಾಸು, ಅಗಲ ಮುಖ. ನಮಸ್ಕಾರ, ಸರಿಹೋಯಿತಾ, ಇನ್ನೂ ಇಲ್ಲ, ಇಷ್ಟರ ಆಚೆಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಸಿಂಗಾರಮ್ಮ ಅವನನ್ನು ದಾಟಿ ಹೋಗಿ, ನಾಲ್ಕು ಮೆಟ್ಟಿಲು ಹತ್ತಿ, ಮತ್ತೆ ಇಳಿದು ಬಂದಳು.

"ಒಂದು ಮಾತು ಕೇಳಬೇಕಿತ್ತು. ನಿಮ್ಮ ಹಲ್ಲು ಗಟ್ಟಿ ಇದೆಯಾ?"

ಲಿಫ್ಟಣ್ಣ ಸ್ಪ್ಯಾನರು ಕೆಳಗಿಟ್ಟ. "ಇಲ್ಲೀವರೆಗೂ ಉದುರಿಲ್ಲ. ಯಾಕಮ್ಮಾ?"

ಅವಳು ತೊದಲುತ್ತ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಕೈಯೊರೆಸಿಕೊಳ್ಳುತ್ತ ಅಂದ: "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನನ್ನ ಹಲ್ಲನ್ನ ಹುಡುಕ್ಕೊಂಡು ಕಡಲೇನೇ ಬಂದ ಹಾಗಾಯ್ತಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಂದರೆ ಬರ್ತೀನಿ."

ಮಾರನೆಯ ದಿನ ತಲೆಗೆ ನೀರು ಹಾಕಿ ಬಾಚಿಕೊಂಡು ಬಂದ. ಮತ್ತೆ ಚಿತ್ರ ತೆಗೆಯಲು ಇಟ್ಟಿದ್ದ ದಪ್ಪ ಕಪ್ಪು ಬ್ರೆಡ್ಡಿನ ಮೂಲೆಗೆ ಬಾಯಿ ಹಾಕಿ ಒಂದೇ ಏಟಿಗೆ ಕಾಲುಭಾಗ ತೆಗೆದ. "ಇದಪ್ಪಾ ಯಜಮಾನನ ಕಡಿತ ಅಂದರೆ" ಎಂದು ಫೋಟೋಗ್ರಾಫರು ಖುಷಿಪಟ್ಟರು. ಅವನ ಬ್ರೆಡ್ಡಿನ ಎದುರು ತಟ್ಟೆಯಲ್ಲಿ ಅವಳ ಸಣ್ಣ ಕಡಿತದ್ದನ್ನು ಇಟ್ಟಾಗ ಮೇಜಿಗೆ ಜೀವ ಬಂದ ಹಾಗಾಯಿತು. ಇಬ್ಬರು ಎದುರುಬದುರು ಕೂತಿದ್ದರು, ಏನೋ ಮಾತಾಡುತ್ತಿದ್ದರು, ಈಗ ತಾನೆ ಎದ್ದರು, ಹಾಗೆ.

ಒಂದು ತುತ್ತು ಕಚ್ಚಿಸಿ ಬರಿಗೈಯಲ್ಲಿ ಕಳಿಸುವುದು ಹೇಗೆ? ಅವಳು ಪ್ರತಿದಿನ ಅದೇ ತಿಂಡಿಯನ್ನು, ಅಂಟು ಎಣ್ಣೆ ಮುಟ್ಟಿಸದೆ, ನಿಜವಾಗಿ ತಿನ್ನುವ ಹಾಗೆ ಒಂದು ತಟ್ಟೆ ಬೇರೆಯಾಗಿ ಮಾಡಿಡತೊಡಗಿದಳು. ಮಾಡುವಾಗ ಉಪ್ಪು ನೋಡುವುದು ಅವಳಿಗೆ ಮರೆತೇಹೋಗಿತ್ತು, ಮತ್ತೆ ರೂಢಿಯಾಯಿತು. ಸ್ಟುಡಿಯೋದ ಕಿಟಕಿ ಪಕ್ಕ ಒಂದು ಪುಟ್ಟ ಮೇಜೆಳೆದು ಎರಡು ಕುರ್ಚಿ ಹಾಕಿದಳು. ಆದರೆ ಲಿಫ್ಟಣ್ಣ ಕೂರುತ್ತಿರಲಿಲ್ಲ. "ಹೊತ್ತಾಯ್ತಮ್ಮಾ, ಕಟ್ಟಿಕೊಡಿ, ಆಮೇಲೆ ತಿಂತೀನಿ" ಎಂದು ಡಬ್ಬಿಯಲ್ಲಿ ಹಾಕಿಸಿಕೊಂಡು ಹೊರಟುಬಿಡುವನು. ಮರುದಿನ ಡಬ್ಬಿಯನ್ನು ತೊಳೆದು ತಂದು, "ಉಪ್ಪುಮೀನು ಪರವಾಗಿಲ್ಲ, ಆದರೆ ಆ ಹುಳಿ ಕೆನೆ ಇತ್ತಲ್ಲ, ಅದು ಬಹಳ ಹಿಡಿಸ್ತು" ಎಂದು ಎಳೆಎಳೆಯಾಗಿ ಹೇಳುವನು. ತನ್ನ ಕೈಯಡುಗೆಯನ್ನು ಒಬ್ಬರು ಇಷ್ಟು ನೆನಪಿಟ್ಟುಕೊಂಡು ತಿನ್ನುತ್ತಾರಲ್ಲ ಎಂದು ಅವಳಿಗೆ ದಿನವಿಡೀ ಒಳಗೊಳಗೇ ಬೆಚ್ಚಗಿರುತ್ತಿತ್ತು.

ಒಂದು ದಿನ ಮೊಟ್ಟೆಯನ್ನು ಟೊಮೆಟೊ ಗೊಜ್ಜಿನಲ್ಲೇ ಒಡೆದು ಬೇಯಿಸುವ ತಿಂಡಿ. ಅದನ್ನು ಬಿಸಿಯಾಗಿಯೇ ತಿನ್ನಬೇಕು. ಅವಳು ಹಟ ಹಿಡಿದು ಅವನನ್ನು ಕೂರಿಸಿದಳು. ಅವನು ತಟ್ಟೆಯನ್ನೇ ನೋಡುತ್ತ ಕೂತ.

"ಯಾಕೆ, ಸೇರಲ್ವಾ?"

"ಸೇರದೆ ಏನು. ಇದು ಅವಳಿಗೆ ಇಷ್ಟ ಆಗುತ್ತೆ ಅಂತ ಅನ್ನಿಸ್ತು, ಅಷ್ಟೇ."

"ಯಾರಿಗೆ?"

ಆಗ ಹೇಳಿದ. ಅವನ ಹೆಂಡತಿಗೆ ದೊಡ್ಡ ಕಾಯಿಲೆ. ಆರು ತಿಂಗಳಿಂದ ಆಸ್ಪತ್ರೆಯ ಔಷಧಿ ಮೈಗೆ ಏರುತ್ತಿದೆ. ಕಾಯಿಲೆ ಇಳಿಯುತ್ತಿದೆ ಎಂದು ಡಾಕ್ಟರು ಹೇಳುತ್ತಾರೆ, ಆದರೆ ಬಾಯಿ ಪೂರ್ತಿ ಕೆಟ್ಟುಹೋಗಿದೆ. ಅನ್ನ ಬಾಯಿಗಿಟ್ಟರೆ ಮಣ್ಣು ಅನ್ನುತ್ತಾಳೆ, ಹಾಲು ಕೊಟ್ಟರೆ ತಗಡು ನೆಕ್ಕಿದ ಹಾಗಿದೆ ಅನ್ನುತ್ತಾಳೆ. "ಮೊದಲನೇ ದಿನ ನೀವು ಕೊಟ್ಟ ಕಪ್ಪು ಬ್ರೆಡ್ಡು ಸುಮ್ಮನೆ ತೋರಿಸೋಣ ಅಂತ ತಗೊಂಡು ಹೋದೆ. ಅರ್ಧ ತಿಂದಳಮ್ಮಾ. ಏನಂದಳು ಗೊತ್ತಾ? ನನಗೆ ಗೊತ್ತಿರೋ ರುಚಿಯೆಲ್ಲಾ ಕೆಟ್ಟುಹೋಗಿದೆ, ಇದು ಹೇಗಿರಬೇಕು ಅಂತಾನೇ ಗೊತ್ತಿಲ್ಲ, ಹಾಗಾಗಿ ಕೆಟ್ಟಿದೆ ಅಂತ ಹೇಗೆ ಹೇಳಲಿ, ಅಂದಳು."

ಸಿಂಗಾರಮ್ಮ ಎದ್ದು ಹೋಗಿ ಡಬ್ಬಿ ತಂದು ತುಂಬಿಸಿದಳು. ಹುಳಿ ಕೆನೆ ಹಿಡಿಸಿದ್ದು ಇವನಿಗಲ್ಲ. ಎಳೆಎಳೆಯಾಗಿ ಹೇಳುತ್ತಿದ್ದ ಮಾತೂ ಇವನದಲ್ಲ. ಕಿಟಕಿಯ ಪಕ್ಕದ ಎರಡು ಕುರ್ಚಿ ಕಣ್ಣಿಗೆ ಬಿತ್ತು. ಯಾರಾದರೂ ಗಮನಿಸಿದ್ದರೇನೋ ಎಂದು ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಡಬ್ಬಿ ಕೈಗೆ ಕೊಡುವಾಗ ಅವಳು ಕೇಳಿದ್ದು ಇಷ್ಟೇ: "ಅವರಿಗೆ ಖಾರ ಆಗುತ್ತಾ, ಬಾಯಿ ಉರಿಯುತ್ತಾ?"

"ಸ್ವಲ್ಪ ಕಮ್ಮಿ ಇದ್ದರೆ ಒಳ್ಳೇದು. ನೀವೇ ಒಂದು ಸಲ ಬನ್ನಿ. ನಿಮ್ಮನ್ನ ನೋಡಬೇಕು ಅಂತ ದಿನಾ ಪ್ರಾಣ ತಿಂತಾಳೆ."

ಆ ಭಾನುವಾರ ಅವಳೇ ಡಬ್ಬಿ ಹಿಡಿದುಕೊಂಡು ಹೋದಳು. ಎರಡು ಕೋಣೆಯ ಮನೆ, ಗೋಡೆಗೆ ಸೇರಿಸಿದ ಮಂಚ, ತಲೆಗೆ ಬಟ್ಟೆ ಸುತ್ತಿಕೊಂಡು ದಿಂಬಿಗೆ ಒರಗಿ ಕೂತ ಸಣಕಲು ಹೆಂಗಸು. ಕಣ್ಣು ಮಾತ್ರ ಚುರುಕು.

"ಇಷ್ಟು ದಿನ ನನ್ನ ಗಂಡನ ಹಲ್ಲು ಬಾಡಿಗೆಗೆ ತಗೊಂಡಿದ್ದೋರು ನೀವೇನಾ" ಎಂದಳು.

ಸಿಂಗಾರಮ್ಮನಿಗೆ ನಗು ಬಂತು. "ನಾನೇ ಅಕ್ಕಾ."

ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಪದ ಬಾಯಿಗೆ ಬಂದು ಎಷ್ಟೋ ದಿನವಾಗಿತ್ತು; ಫೋನಿನಲ್ಲಿ ಅನ್ನುವುದು ಬೇರೆ, ಎದುರಿಗೆ ಕೂತವರನ್ನು ಅನ್ನುವುದು ಬೇರೆ. ಡಬ್ಬಿ ತೆರೆದು ಚಮಚದಲ್ಲಿ ಕೊಟ್ಟಳು. ಆಕೆ ಬಾಯಲ್ಲಿಟ್ಟುಕೊಂಡು, ಕಣ್ಣುಮುಚ್ಚಿ, ನಿಧಾನಕ್ಕೆ ನುಂಗಿ, "ಇದು ಯಾವ ದೇಶದ್ದು?" ಎಂದು ಕೇಳಿದಳು. ಅಲ್ಲಿನವರು ಹೇಗಿರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಇದನ್ನು ಮಾಡುವುದು ಗಂಡಸರೋ ಹೆಂಗಸರೋ. ಸಿಂಗಾರಮ್ಮ ಪುಸ್ತಕದವರು ಹೇಳಿದ್ದನ್ನು ತನಗೆ ನೆನಪಿದ್ದಷ್ಟು ಹೇಳಿದಳು. ಮಾತಿನ ನಡುವೆ ಡಬ್ಬಿ ಖಾಲಿಯಾಯಿತು. ಬಾಗಿಲ ಬಳಿ ನಿಂತಿದ್ದ ಲಿಫ್ಟಣ್ಣ ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಅಂದಿನಿಂದ ಅದೇ ಅವಳ ಬೆಳಗಾಯಿತು. ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಆ ಮನೆ, ಮಂಚದ ಪಕ್ಕದ ಸ್ಟೂಲು, ಒಂದು ಡಬ್ಬಿ, ಒಂದು ದೇಶ. ತಾನು ಮಾತ್ರ ಅಲ್ಲಿ ಏನೂ ಮುಟ್ಟುತ್ತಿರಲಿಲ್ಲ. ರೋಗಿಯ ಪಾಲು ಎಂದು ತಂದದ್ದರಲ್ಲಿ ಕೈ ಹಾಕಬಾರದು ಅನ್ನಿಸುತ್ತಿತ್ತು.

ಪುಸ್ತಕದ ಕೆಲಸ ಮುಗಿಯಿತು. ಫೋಟೋಗ್ರಾಫರು ದೀಪಗಳನ್ನು ಆರಿಸಿ, ಲಿಫ್ಟಣ್ಣನ ಬೆನ್ನು ತಟ್ಟಿ ಕಳಿಸಿದರು. ಮರುದಿನದಿಂದ ಸೋಪಿನ ಜಾಹೀರಾತು. ಮನೆಯಲ್ಲಿ ಸಿಂಗಾರಮ್ಮ ಬರಿ ಒಲೆಯ ಮುಂದೆ ನಿಂತಳು. ಇದ್ದ ದೇಶಗಳೆಲ್ಲ ಖರ್ಚಾಗಿದ್ದವು. ಒಮ್ಮೆ ತಿಂದದ್ದನ್ನು ಮತ್ತೆ ಕೊಟ್ಟು ನೋಡಿದ್ದಳು. ಗೊತ್ತಾದ ರುಚಿಯಾಗಿಬಿಟ್ಟಿತ್ತು, ಆಕೆ ಎರಡು ಚಮಚಕ್ಕೆ ಮುಖ ಕಿವಿಚಿದ್ದಳು.

ಮನೆಯಲ್ಲಿ ಪೇರು ಹಣ್ಣಿತ್ತು. ಅದನ್ನು ಸೀಳಿ, ಕೆಂಡದ ಹಾಗೆ ಕಾದ ಬಾಣಲೆಯಲ್ಲಿ ಹುರಿದಳು. ಮೇಲೆ ಕೆನೆ, ಜಜ್ಜಿದ ಕಾಳುಮೆಣಸು, ಒಂದು ಹಿಡಿ ಹುರಿದ ಎಳ್ಳು. ರುಚಿ ನೋಡಿದಳು. ಇಂಥದ್ದನ್ನು ಯಾರೂ ಎಲ್ಲೂ ತಿಂದಿರಲಿಕ್ಕಿಲ್ಲ ಅನ್ನಿಸಿತು.

"ಇದು ಯಾವ ದೇಶದ್ದು?"

"ಇದು… ಒಂದು ದ್ವೀಪದ್ದು ಅಕ್ಕಾ. ಬಹಳ ದೂರ. ತಿನ್ನೋವಾಗ ಅಲ್ಲಿ ಯಾರೂ ಮಾತಾಡಬಾರದಂತೆ."

"ಹಾಗಾದರೆ ಅಲ್ಲಿ ಗಂಡ ಹೆಂಡತಿ ಸುಖವಾಗಿರ್ತಾರೆ" ಎಂದು ಆಕೆ ಪೂರ್ತಿ ತಿಂದಳು.

ಸುಳ್ಳಿಗೆ ಒಂದು ಸಲ ಕಾಲು ಬಂದರೆ ಅದು ನಿಲ್ಲುತ್ತದೆಯೇ? ದ್ವೀಪವಾಯಿತು, ಆಮೇಲೆ ಅದರಾಚೆಯ ಕಣಿವೆ, ಕಣಿವೆಯಾಚೆ ಕುರಿ ಕಾಯುವವರ ಒಂದು ಸೀಮೆ. ಅಲ್ಲಿ ಬಾರ್ಲಿಯನ್ನು ಮಜ್ಜಿಗೆಯಲ್ಲಿ ಬೇಯಿಸಿ ಮೇಲೆ ಸೇಬು ತುರಿಯುತ್ತಾರೆ. ಇನ್ನೊಂದು ಕಡೆ ಮೊಟ್ಟೆಯ ಜೊತೆ ಪುದೀನ, ನಿಂಬೆಸಿಪ್ಪೆ. ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ಕಣ್ಣಿಗಾಗಿ ಸುಳ್ಳು ಮಾಡಿದ ಕೈ ಈಗ ಬಾಯಿಗಾಗಿ ಸುಳ್ಳು ಮಾಡುತ್ತಿತ್ತು, ಮತ್ತು ಈ ಸುಳ್ಳನ್ನು ತಿಂದು ಅರಗಿಸಿಕೊಳ್ಳಬಹುದಿತ್ತು. ಬೀದಿಯಲ್ಲಿ ನಡೆಯುವಾಗ, ಬಸ್ಸಿನಲ್ಲಿ ನಿಂತಾಗ, ನಾಳೆಯ ದೇಶ ಯಾವುದು, ಅಲ್ಲಿ ಚಳಿಯೋ ಸೆಕೆಯೋ ಎಂದು ಅವಳು ಯೋಚಿಸುತ್ತಿದ್ದಳು.

ಒಂದು ಬೆಳಿಗ್ಗೆ ಆಕೆ ಚಮಚ ಕೆಳಗಿಟ್ಟು ಕೇಳಿದಳು: "ನಿಜ ಹೇಳಿ. ಈ ಕಣಿವೆಗೆ ಹೋಗೋ ಬಸ್ಸು ಎಲ್ಲಿ ಹತ್ತೋದು?"

ಸಿಂಗಾರಮ್ಮ ತಲೆ ತಗ್ಗಿಸಿ ಕೇಳಿದಳು:

"ಯಾವತ್ತಿಂದ ಗೊತ್ತು?"

"ದ್ವೀಪದಿಂದ. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಾಗುತ್ತೆ. ಇರಲಿ ಬಿಡಿ, ನಿಜವಾದ ದೇಶಗಳಿಗಿಂತ ಇವೇ ವಾಸಿ. ನಾಳೆ ಎಲ್ಲಿಗೆ?"

ಹೀಗೆ ಎರಡು ತಿಂಗಳು ಹೋಯಿತು. ಆಸ್ಪತ್ರೆಯ ಔಷಧಿಯೂ ಮುಗಿಯಿತು. ಆಕೆಯ ಕೆನ್ನೆ ತುಂಬಿತು. ತಲೆಯ ಬಟ್ಟೆಯಡಿ ಎಳೆಗರುವಿನ ರೋಮದಂಥ ಕೂದಲು ಮೂಡಿತು. ಗೋಡೆ ಹಿಡಿದು ಬಾಗಿಲವರೆಗೂ ಬರುವಂತಾದಳು.

ಆ ದಿನ ಸಿಂಗಾರಮ್ಮ ಒಂದು ಹೊಸ ಸೀಮೆಯದ್ದನ್ನು ಮಾಡಿಕೊಂಡು ಹೋದಳು. ಕುಂಬಳಕಾಯಿ ಸುಟ್ಟು ಹಿಸುಕಿ, ಬೆಲ್ಲ, ಬೆಣ್ಣೆ ಬೆರೆಸಿದ್ದು. ಬೀದಿಯ ತಿರುವಿನಲ್ಲೇ ಈರುಳ್ಳಿ ಹುರಿಯುವ ಪರಿಮಳ ಬಂತು. ಮಂಚ ಖಾಲಿ. ಆಕೆ ಒಲೆಯ ಮುಂದೆ ಒಂದು ಕೈಯಲ್ಲಿ ಕಟ್ಟೆ ಹಿಡಿದು, ಇನ್ನೊಂದರಲ್ಲಿ ಮೊಟ್ಟೆ ಮಗುಚುತ್ತಿದ್ದಳು. ಪಕ್ಕದಲ್ಲಿ ಸೀದ ಬ್ರೆಡ್ಡಿನ ಚೂರುಗಳು. ಲಿಫ್ಟಣ್ಣ ಹಿಂದೆಯೇ, ಎಲ್ಲಿ ಬೀಳುತ್ತಾಳೋ ಎಂದು ಕೈ ಚಾಚಿಕೊಂಡು ನಿಂತಿದ್ದ.

"ಬನ್ನಿ ಬನ್ನಿ" ಎಂದಳು ಆಕೆ. "ರಾತ್ರಿ ಇವರು ತಿಂತಿದ್ದ ಮೊಟ್ಟೆಯ ಒಂದು ತುಣುಕು ಸುಮ್ಮನೆ ಬಾಯಿಗೆ ಹಾಕಿಕೊಂಡೆ. ಮೊಟ್ಟೆಯ ಹಾಗೇ ಇತ್ತು. ನನಗೆ ಅಳು ಬಂದುಬಿಡ್ತು. ಬೆಳಗಾಗೋದನ್ನೇ ಕಾಯ್ತಾ ಇದ್ದೆ."

ಅವಳನ್ನೂ ಕೂರಿಸಿದರು. ಮೂರು ತಟ್ಟೆ. ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ. ಅಕ್ಕ ಹೋದ ಮೇಲೆ ಒಬ್ಬರ ಎದುರು ಕೂತು ಸಿಂಗಾರಮ್ಮ ತಿಂದ ಮೊದಲನೆಯ ತಿಂಡಿ ಅದು. ಗಂಡ ಹೆಂಡತಿ ಇಷ್ಟು ತಿಂಗಳ ಹಸಿವನ್ನೆಲ್ಲ ಸೇರಿಸಿ ತಿನ್ನುತ್ತಿದ್ದರು. ನಡುನಡುವೆ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುತ್ತ, ಯಾವುದೋ ಹಳೆಯ ಮಾತಿಗೆ ನಗುತ್ತ. ಅವಳಿಗೆ ಆ ಹಳೆಯ ಮಾತು ಗೊತ್ತಿರಲಿಲ್ಲ. ಆದರೂ ನಕ್ಕಳು. ಸಂತೋಷವಾಗಿತ್ತು, ಅದು ಸುಳ್ಳಲ್ಲ. ಕಾಲ ಬಳಿ ಇಟ್ಟುಕೊಂಡಿದ್ದ ಡಬ್ಬಿಯನ್ನು ಮಾತ್ರ ಮೆಲ್ಲಗೆ ಚೀಲದೊಳಕ್ಕೆ ತಳ್ಳಿದಳು.

ಹೊರಡುವಾಗ ಆಕೆ ಬಾಗಿಲವರೆಗೂ ಬಂದು ಇವಳ ಎರಡೂ ಕೈ ಹಿಡಿದುಕೊಂಡಳು. "ಇನ್ನು ನೀವು ಬೆಳಿಗ್ಗೆ ಬೆಳಿಗ್ಗೆ ಎದ್ದು ಒದ್ದಾಡಬೇಡಿ ತಂಗೀ. ಬಹಳ ಕಷ್ಟ ಕೊಟ್ಟೆ. ಬಿಡುವಾದಾಗ ಬರ್ತಾ ಇರಿ."

"ಬರ್ತೀನಿ ಅಕ್ಕಾ."

ಹೋಗುತ್ತಿದ್ದಳು, ಬಿಡುವಾದಾಗ. ಆದರೆ ಬಿಡುವಾದಾಗ ಬರುವುದಕ್ಕೂ ಕಾಯುತ್ತಿರುತ್ತಾರೆಂದು ಬರುವುದಕ್ಕೂ ಇರುವ ಅಂತರ ಅವಳಿಗೆ ಗೊತ್ತಿತ್ತು. ಅಂದು ಸ್ಟುಡಿಯೋದಲ್ಲಿ ಕುಂಬಳಕಾಯಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಫೋಟೋಗ್ರಾಫರು ದೀಪ ಸರಿಮಾಡುತ್ತ ಮಾಡುತ್ತ ಚಮಚದಲ್ಲಿ ಎತ್ತಿ ಎತ್ತಿ ತಿಂದು ಮುಗಿಸಿದರು. ಯಾವ ದೇಶದ್ದು ಎಂದು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ರೂಢಿಯಂತೆ ಬೇಗನೆ ಎಚ್ಚರವಾಯಿತು. ಒಲೆ ಹಚ್ಚಿದ ಮೇಲೆ ಯಾರಿಗೂ ಏನೂ ಮಾಡಬೇಕಾಗಿಲ್ಲ ಅನ್ನುವುದು ನೆನಪಾಯಿತು. ಹಚ್ಚಿದ ಒಲೆ ಆರಿಸಲು ಮನಸ್ಸು ಬರಲಿಲ್ಲ. ಒಂದು ಮೊಟ್ಟೆ, ಒಂದು ಚೂರು ಬ್ರೆಡ್ಡು. ತಟ್ಟೆ ಹಿಡಿದು ತೊಟ್ಟಿಯ ಕಡೆ ನಡೆದವಳು ನಿಂತು, ತಿರುಗಿ, ಮೇಜಿನ ಮೇಲಿದ್ದ ಹಳೆಯ ಪೇಪರುಗಳನ್ನು ಸರಿಸಿ ಕೂತಳು. ಫೋನೆತ್ತಿ ಅಕ್ಕನ ನಂಬರು ಒತ್ತಿದಳು.

"ಏನೇ ಇಷ್ಟು ಬೆಳಿಗ್ಗೆ? ಹುಷಾರಾಗಿದ್ದೀಯಾ?" ಅಕ್ಕನಿಗೆ ಗಾಬರಿ.

"ಹುಷಾರಾಗಿದ್ದೀನಿ. ತಿಂಡಿ ಆಯ್ತಾ ಅಂತ ಕೇಳೋಣ ಅನ್ನಿಸ್ತು."

"ಈಗ ಮಾಡ್ತಿದ್ದೀನಿ ಕಣೇ. ಒಂದು ನಿಮಿಷ ಇರು, ಹಾಲು ಉಕ್ಕುತ್ತೆ."

ಫೋನನ್ನು ಎಲ್ಲೋ ಕಟ್ಟೆಯ ಮೇಲಿಟ್ಟ ಸದ್ದು. ಆಮೇಲೆ ಪಾತ್ರೆ ಇಳಿಸಿದ್ದು, ನಲ್ಲಿ ಬಿಟ್ಟದ್ದು, ಭಾವ ಕೆಮ್ಮುತ್ತ ಬಂದು ಕುರ್ಚಿ ಎಳೆದದ್ದು. ಪೇಪರು ಇನ್ನೂ ಬಂದಿಲ್ಲವಾ ಎಂದು ಅವರು ಕೇಳಿದರು. ಬ್ರೆಡ್ಡು ಸೀದಿದೆ ಎಂದರು. ಎಲ್ಲಿ ಸೀದಿದೆ, ನಿಮ್ಮ ಕಣ್ಣಿಗೆ ಮತ್ತೆ ಪೊರೆ ಬಂದಿರಬೇಕು ಎಂದು ಅಕ್ಕ ಗದರಿದಳು. ಚಮಚಗಳು ತಟ್ಟೆಗೆ ತಗುಲುತ್ತಿದ್ದವು. ಒಂದು ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಅಕ್ಕ ಮರೆತೇಬಿಟ್ಟಿದ್ದಳು.

ಸಿಂಗಾರಮ್ಮ ಕೂಗಿ ನೆನಪಿಸಲಿಲ್ಲ. ಫೋನನ್ನು ಎದುರಿನ ತಟ್ಟೆಯಿಲ್ಲದ ಜಾಗದಲ್ಲಿಟ್ಟು, ಆ ಮನೆಯ ಸದ್ದು ಕೇಳುತ್ತ, ತನ್ನ ಮೊಟ್ಟೆಯನ್ನು ಸಣ್ಣಸಣ್ಣ ತುತ್ತು ಮಾಡಿ ತಿನ್ನತೊಡಗಿದಳು. ಇವಳದಿನ್ನೂ ಅರ್ಧವಿರುವಾಗಲೇ ಅಲ್ಲಿ ಇಬ್ಬರೂ ತಿಂದು ಎದ್ದರು. ಕುರ್ಚಿಗಳು ಹಿಂದೆ ಸರಿದವು, ಯಾರದೋ ಹೆಜ್ಜೆ ಹೊರಕೋಣೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಲೈನು ತಾನಾಗಿ ಕಡಿಯಿತು. ಅವಳು ಮಿಕ್ಕಿದ್ದನ್ನು ಅವಸರ ಮಾಡದೆ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು, ಕೆಲಸಕ್ಕೆ ಹೊರಟಳು.